ಸಂಡೂರಿನ ಗುಡ್ಡಗಳನ್ನು ಉಪಗ್ರಹದಿಂದ ಅಳೆಯುವುದು ಹೇಗೆ? ಗಣಿ ಸುತ್ತಲಿನ ಊರುಗಳಿಗೆ ಒಂದು ಮಾರ್ಗದರ್ಶಿ

ಸಂಡೂರು ತಾಲೂಕಿನಲ್ಲಿ ಐವತ್ತು ದಾಟಿದ ಯಾರನ್ನು ಕೇಳಿದರೂ "ಆ ಗುಡ್ಡ ಮೊದಲು ಹಿಂಗಿರಲಿಲ್ಲ" ಎನ್ನುತ್ತಾರೆ. ಎಷ್ಟು ಎಕರೆ ಹೋಯಿತು, ಯಾವ ವರ್ಷ ಹೋಯಿತು, ಯಾವ ಸರ್ವೆ ನಂಬರಿನಲ್ಲಿ ಹೋಯಿತು ಎಂದು ಮುಂದೆ ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಗ್ರಾಮಸಭೆಯಲ್ಲೂ ಕಚೇರಿಯಲ್ಲೂ ಬೇಕಾಗುವುದು ಈ ಮೂರು ಉತ್ತರಗಳೇ. ಇವನ್ನು ಹುಡುಕಲು ಬೇಕಾದ ಚಿತ್ರಗಳು 1984ರಿಂದ ಇವತ್ತಿನವರೆಗೆ ಪುಕ್ಕಟೆ ಸಿಗುತ್ತವೆ. ಒಂದು ಸಾಧಾರಣ ಲ್ಯಾಪ್‌ಟಾಪ್, ಇಂಟರ್ನೆಟ್, ಸ್ವಲ್ಪ ತಾಳ್ಮೆ ಇದ್ದರೆ ಪಿಯುಸಿ ಓದಿದ ಹುಡುಗ ಹುಡುಗಿಯರೂ ಈ ಕೆಲಸ ಮಾಡಬಹುದು.

ನಮ್ಮ ದೇಶದಲ್ಲಿ ಉಪಗ್ರಹದಿಂದ ಗಣಿ ನೋಡುವ ಕೆಲಸ ಹೆಚ್ಚು ಕ್ರಮವಾಗಿ ನಡೆದಿರುವುದು ಕಲ್ಲಿದ್ದಲು ಗಣಿಗಳಲ್ಲಿ. ಕೋಲ್ ಇಂಡಿಯಾದ ಸಿಎಂಪಿಡಿಐ ಸಂಸ್ಥೆ ದೊಡ್ಡ ತೆರೆದ ಗಣಿಗಳನ್ನು ಪ್ರತಿ ವರ್ಷ, ಸಣ್ಣವನ್ನು ಮೂರು ವರ್ಷಕ್ಕೊಮ್ಮೆ ಉಪಗ್ರಹ ಚಿತ್ರದಲ್ಲಿ ಅಳೆಯುತ್ತದೆ. ವರ್ಷಕ್ಕೆ 50 ಲಕ್ಷ ಘನ ಮೀಟರ್‌ಗಿಂತ ಜಾಸ್ತಿ ಕಲ್ಲಿದ್ದಲು ಮತ್ತು ಮಣ್ಣು ತೆಗೆಯುವುದು ದೊಡ್ಡದು ಎಂಬ ಲೆಕ್ಕ. ಅವರು ಗಣಿ ನೆಲವನ್ನು ಮೂರು ಭಾಗ ಮಾಡುತ್ತಾರೆ: ಈಗ ಅಗೆಯುತ್ತಿರುವುದು, ಮಣ್ಣು ತುಂಬಿ ಮುಚ್ಚಿದ್ದು, ಗಿಡ ಬೆಳೆಸಿದ್ದು. ಈ ವಿಂಗಡಣೆ ನಮಗೂ ಚೆನ್ನಾಗಿ ಒಪ್ಪುತ್ತದೆ.

ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿ ಇಲ್ಲ. ನಮ್ಮದು ಕಬ್ಬಿಣದ ಅದಿರಿನ ಗುಡ್ಡ. ಹಾಗಾಗಿ ಒಂದು ವ್ಯತ್ಯಾಸ ನೆನಪಿಡಬೇಕು. ಕಲ್ಲಿದ್ದಲನ್ನು ಹೆಚ್ಚಾಗಿ ತಗ್ಗು, ಸಮತಟ್ಟು ನೆಲದಲ್ಲಿ ಅಗೆಯುತ್ತಾರೆ, ತೆಗೆದ ಮಣ್ಣನ್ನು ಅದೇ ಗುಂಡಿಗೆ ಮರಳಿ ತುಂಬಬಹುದು. ಸಂಡೂರಿನಲ್ಲಿ ಅದಿರು ಇರುವುದು ಗುಡ್ಡದ ನೆತ್ತಿಯಲ್ಲಿ. ತೆಗೆದ ಮಣ್ಣನ್ನು ಇಳಿಜಾರಿನಲ್ಲಿ ಡಂಪ್ ಮಾಡಿದರೆ ಮಳೆಗೆ ಅದು ಹಳ್ಳಕ್ಕೆ ಇಳಿಯುತ್ತದೆ, ಹಳ್ಳದಿಂದ ಕೆರೆಗೆ, ಕೆರೆಯಿಂದ ಹೊಲಕ್ಕೆ. ಆದ್ದರಿಂದ ನಮ್ಮಲ್ಲಿ ಗುಂಡಿಯನ್ನಷ್ಟೇ ನೋಡಿದರೆ ಸಾಲದು. ಗುಂಡಿಯಿಂದ ಕೆಳಕ್ಕೆ ನೀರು ಹೋಗುವ ದಾರಿಯನ್ನೇ ಹೆಚ್ಚು ನೋಡಬೇಕು.

ಮೊದಲು ಪ್ರಶ್ನೆ, ಆಮೇಲೆ ಗಡಿ

"ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ" ಎಂದು ಶುರು ಮಾಡಿದರೆ ಕೆಲಸ ಮುಗಿಯುವುದಿಲ್ಲ. ಒಂದು ಊರು, ಒಂದು ಗುಡ್ಡ, ಒಂದು ಹಳ್ಳ ಹಿಡಿಯಿರಿ. ಉದಾಹರಣೆಗೆ, ದೋಣಿಮಲೈ ಕಡೆಯ ಗುಡ್ಡಗಳಿಂದ ತಾರಾನಗರದ ನಾರಿಹಳ್ಳ ಜಲಾಶಯದವರೆಗೆ ನೀರು ಬರುವ ಪ್ರದೇಶ. ಅಥವಾ ನಿಮ್ಮ ಊರಿನ ಗೋಮಾಳ ಮತ್ತು ಅದಕ್ಕೆ ಅಂಟಿಕೊಂಡ ಅರಣ್ಯ. ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದಿಡಿ: "2000ದಿಂದ ಇಲ್ಲಿಯವರೆಗೆ ನಮ್ಮ ಹಳ್ಳದ ಎರಡೂ ದಂಡೆಯಲ್ಲಿ ಎಷ್ಟು ಎಕರೆ ಡಂಪ್ ಆಗಿದೆ?" ಎನ್ನುವಂಥದ್ದು.

ಈಗ ಗಡಿ. ಗೂಗಲ್ ಅರ್ಥ್ ಪ್ರೋ ಎಂಬ ತಂತ್ರಾಂಶವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಿ, ದುಡ್ಡು ಕೊಡಬೇಕಿಲ್ಲ. ಅದರಲ್ಲಿ ಪಾಲಿಗನ್ ಗುಂಡಿ ಒತ್ತಿ ನಿಮ್ಮ ಪ್ರದೇಶದ ಸುತ್ತ ಗೆರೆ ಎಳೆದು ಕೆಎಂಎಲ್ ಕಡತವಾಗಿ ಉಳಿಸಿ. ಮುಂದಿನ ಎಲ್ಲ ವರ್ಷಗಳನ್ನೂ ಇದೇ ಗಡಿಯೊಳಗೆ ಅಳೆಯಬೇಕು. ಮಧ್ಯದಲ್ಲಿ ಗಡಿ ಬದಲಿಸಿದರೆ ಹಳೆಯ ಲೆಕ್ಕವೆಲ್ಲ ವ್ಯರ್ಥ.

ಗಣಿ ಗುತ್ತಿಗೆಯ ಗಡಿಯೂ ಬೇಕಾಗುತ್ತದೆ. ಅರಣ್ಯ ಮತ್ತು ಪರಿಸರ ಅನುಮತಿಗೆ ಅರ್ಜಿ ಹಾಕುವಾಗ ಕಂಪನಿಗಳು ಕೇಂದ್ರದ ಪರಿವೇಶ್ ಪೋರ್ಟಲ್‌ನಲ್ಲಿ ಜಾಗದ ಕೆಎಂಎಲ್ ಕಡತ ಹಾಕುತ್ತವೆ. ಮೊದಲು ಅಲ್ಲಿ ಹುಡುಕಿ. ಸರ್ವೆ ನಂಬರಿಗೆ ದಿಶಾಂಕ್ ಆ್ಯಪ್ ಇದೆ, ಊರಿನ ಗ್ರಾಮ ನಕ್ಷೆಯನ್ನು ಭೂದಾಖಲೆ ಇಲಾಖೆಯ ಜಾಲತಾಣದಿಂದ ಇಳಿಸಿಕೊಳ್ಳಬಹುದು. ಗಡಿಗೆರೆಯ ವಿಷಯದಲ್ಲಿ ಮಾತ್ರ ಎಚ್ಚರ. ಕರ್ನಾಟಕ ಮತ್ತು ಆಂಧ್ರದ ನಡುವಿನ ಗಡಿ ಗುರುತುಗಳೇ ಸುಪ್ರೀಂ ಕೋರ್ಟಿನವರೆಗೆ ಹೋದ ಜಿಲ್ಲೆ ಇದು. ನಿಮ್ಮ ಕೈಲಿರುವ ಗೆರೆ ಎಲ್ಲಿಂದ ಬಂತು ಎಂದು ಪ್ರತಿ ಗೆರೆಯ ಪಕ್ಕ ಬರೆದಿಡಿ.

ಯಾವ ತಿಂಗಳ ಚಿತ್ರ?

ಇಡೀ ಕೆಲಸದಲ್ಲಿ ಅತಿ ಮುಖ್ಯವಾದ ತೀರ್ಮಾನ ಇದು. ಜನ ತಂತ್ರಾಂಶದ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ, ತಿಂಗಳ ಬಗ್ಗೆ ಯೋಚಿಸುವುದಿಲ್ಲ. ನಮ್ಮ ಸೀಮೆಯಲ್ಲಿ ಮೇ ತಿಂಗಳ ಗುಡ್ಡಕ್ಕೂ ನವೆಂಬರ್ ಗುಡ್ಡಕ್ಕೂ ಸಂಬಂಧವೇ ಇಲ್ಲ ಎನಿಸುವಷ್ಟು ಬದಲಾವಣೆ. 2005ರ ನವೆಂಬರ್ ಚಿತ್ರದ ಪಕ್ಕ 2020ರ ಮೇ ಚಿತ್ರ ಇಟ್ಟು "ಕಾಡೆಲ್ಲ ಹೋಯಿತು" ಎಂದರೆ, ಎದುರಿನವರು ಒಂದೇ ನಿಮಿಷದಲ್ಲಿ ನಿಮ್ಮ ಬಾಯಿ ಮುಚ್ಚಿಸುತ್ತಾರೆ. ಅದು ನ್ಯಾಯವೂ ಹೌದು.

ಜೂನ್‌ನಿಂದ ಅಕ್ಟೋಬರ್‌ವರೆಗೆ ಮೋಡ. ಆ ತಿಂಗಳುಗಳ ಆಸೆ ಬಿಡಿ. ನನ್ನ ಸಲಹೆ, ಪ್ರತಿ ವರ್ಷಕ್ಕೆ ಎರಡು ಚಿತ್ರ ತೆಗೆದುಕೊಳ್ಳಿ. ಒಂದು ನವೆಂಬರ್ ಎರಡನೇ ಅರ್ಧದ್ದು, ಇನ್ನೊಂದು ಮಾರ್ಚ್‌ನದು.

ನವೆಂಬರ್‌ನಲ್ಲಿ ಹಸಿರಾಗಬಲ್ಲದ್ದೆಲ್ಲ ಹಸಿರಾಗಿರುತ್ತದೆ. ಹುಲ್ಲು, ಕುರುಚಲು, ಕಾಡು, ಬೆಳೆ ಎಲ್ಲವೂ. ಆಗಲೂ ಬೋಳಾಗಿ ಕಾಣುವ ನೆಲ ನಿಜವಾಗಿಯೂ ಬೋಳು: ಗುಂಡಿ, ಡಂಪ್, ರಸ್ತೆ, ಅದಿರು ಪೇರಿಸುವ ಯಾರ್ಡ್, ಇಲ್ಲವೇ ಬರೀ ಬಂಡೆ. ಮಾರ್ಚ್ ಹೊತ್ತಿಗೆ ಹುಲ್ಲು ಒಣಗುತ್ತದೆ, ಎಲೆ ಉದುರಿಸುವ ಮರಗಳೂ ಬೋಳಾಗುತ್ತವೆ. ಆಗ ಹಸಿರು ಉಳಿದರೆ ಅಲ್ಲಿ ನೀರಾವರಿ ಇದೆ, ಅಥವಾ ಬೇಸಿಗೆಯಲ್ಲೂ ಎಲೆ ಬಿಡದ ಗಿಡ ಇದೆ ಎಂದರ್ಥ. ಡಂಪ್ ಮೇಲೆ ಹಸಿರು ಬೆಳೆಸಿದ್ದೇವೆ ಎಂದು ಯಾರಾದರೂ ಹೇಳಿದರೆ ನವೆಂಬರ್ ಚಿತ್ರ ನೋಡಿ ಒಪ್ಪಬೇಡಿ. ಮಳೆ ಬಂದರೆ ಡಂಪ್ ಮೇಲೂ ಹುಲ್ಲು ಬರುತ್ತದೆ. ಮಾರ್ಚ್ ಚಿತ್ರವನ್ನೂ ನೋಡಿ, ಎರಡನ್ನೂ ಹೋಲಿಸಿ.

ಒಂದೇ ತಿಂಗಳು ಹಿಡಿದರೆ ಇನ್ನೊಂದು ಲಾಭ ಇದೆ. ಈ ಉಪಗ್ರಹಗಳು ನಮ್ಮ ಮೇಲೆ ಹಾಯುವುದು ಬೆಳಿಗ್ಗೆ ಹತ್ತು, ಹತ್ತೂವರೆ ಹೊತ್ತಿಗೆ. ಚಳಿಗಾಲದಲ್ಲಿ ಸೂರ್ಯ ಆಗ್ನೇಯಕ್ಕೆ ಇರುವುದರಿಂದ ಗುಡ್ಡದ ವಾಯವ್ಯ ಇಳಿಜಾರಿಗೆ ನೆರಳು ಬೀಳುತ್ತದೆ. ಪ್ರತಿ ವರ್ಷ ಅದೇ ತಿಂಗಳಾದರೆ ನೆರಳೂ ಅದೇ ಜಾಗದಲ್ಲಿ ಇರುತ್ತದೆ, ಅದನ್ನು ಬದಲಾವಣೆ ಎಂದು ಎಣಿಸುವ ಅಪಾಯ ಇರುವುದಿಲ್ಲ. ಹಾಗೆಯೇ ಬರಗಾಲದ ವರ್ಷವನ್ನು ಒಳ್ಳೆ ಮಳೆಯಾದ ವರ್ಷದ ಜೊತೆ ನೇರವಾಗಿ ಇಡಬೇಡಿ. ಎರಡೂ ವರ್ಷದ ಮಳೆ ಲೆಕ್ಕವನ್ನು ಪಕ್ಕದಲ್ಲಿ ಬರೆಯಿರಿ.

ಯಾವ ವರ್ಷ, ಯಾವ ಉಪಗ್ರಹ

ನಮ್ಮ ಗಣಿ ಕಥೆಗೆ ತನ್ನದೇ ಘಟ್ಟಗಳಿವೆ, ವರ್ಷಗಳನ್ನು ಅವಕ್ಕೆ ಹೊಂದಿಸಿ ಆರಿಸಿ. 2000 ಅಂದರೆ ಚೀನಾಕ್ಕೆ ಅದಿರು ಹೋಗುವ ಭರಾಟೆ ಶುರುವಾಗುವ ಮುಂಚಿನ ಸ್ಥಿತಿ. 2010 ಅಂದರೆ ಆ ಭರಾಟೆಯ ಕೊನೆ. 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ಎರಡನೇ ವರದಿ ಬಂತು, ಅದೇ ತಿಂಗಳ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಕೇಂದ್ರ ಸರ್ಕಾರದ ಗಣಿ ಕಂಪನಿ ಎನ್‌ಎಂಡಿಸಿಗೆ ಮಾತ್ರ ಸೀಮಿತ ಪ್ರಮಾಣದಲ್ಲಿ ಅವಕಾಶ ಸಿಕ್ಕಿತು. 2013ರ ಏಪ್ರಿಲ್ ತೀರ್ಪಿನಲ್ಲಿ ಭಾರೀ ಉಲ್ಲಂಘನೆ ಕಂಡುಬಂದ ಸಿ ವರ್ಗದ ಗುತ್ತಿಗೆಗಳು ರದ್ದಾದವು. ಜಿಲ್ಲೆಯ ಅದಿರಿಗೆ ವರ್ಷಕ್ಕೆ 2.5 ಕೋಟಿ ಟನ್ ಮಿತಿ ಇತ್ತು, 2017ರ ಡಿಸೆಂಬರ್‌ನಲ್ಲಿ ಅದು 2.8 ಕೋಟಿ ಆಯಿತು, 2022ರ ಆಗಸ್ಟ್‌ನಲ್ಲಿ 3.5 ಕೋಟಿ ಆಯಿತು. ಹಾಗಾಗಿ 2000, 2005, 2010, 2013, 2017, 2021 ಮತ್ತು ಈಗಿನ ವರ್ಷ ಎಂದು ಇಟ್ಟುಕೊಂಡರೆ ಪ್ರತಿ ಘಟ್ಟವೂ ಸಿಗುತ್ತದೆ.

ಉಪಗ್ರಹಗಳ ಇತಿಹಾಸ ಇಲ್ಲಿ ಸ್ವಲ್ಪ ಕಾಟ ಕೊಡುತ್ತದೆ. ಹಳೆಯ ವರ್ಷಗಳಿಗೆ ಇರುವುದು ಅಮೆರಿಕದ ಲ್ಯಾಂಡ್‌ಸ್ಯಾಟ್. 1984ರಲ್ಲಿ ಹಾರಿದ ಲ್ಯಾಂಡ್‌ಸ್ಯಾಟ್-5, 1999ರ ಲ್ಯಾಂಡ್‌ಸ್ಯಾಟ್-7, 2013ರ ಲ್ಯಾಂಡ್‌ಸ್ಯಾಟ್-8, 2021ರ ಲ್ಯಾಂಡ್‌ಸ್ಯಾಟ್-9. ಇವುಗಳ ಪಿಕ್ಸೆಲ್, ಅಂದರೆ ಚಿತ್ರದ ಅತಿ ಸಣ್ಣ ಚೌಕ, ನೆಲದ ಮೇಲೆ 30 ಮೀಟರ್. 2003ರ ಮೇ 31ರಂದು ಲ್ಯಾಂಡ್‌ಸ್ಯಾಟ್-7ರ ಒಂದು ಭಾಗ ಕೆಟ್ಟು, ಆಮೇಲಿನ ಅದರ ಚಿತ್ರಗಳಲ್ಲೆಲ್ಲ ಕಪ್ಪು ಪಟ್ಟೆಗಳು ಬಿದ್ದಿವೆ. ನಮ್ಮ ಗಣಿ ಭರಾಟೆ ಏರಿದ್ದು ಸರಿಯಾಗಿ ಅದೇ ಸಮಯಕ್ಕೆ. ಆದ್ದರಿಂದ 2003ರಿಂದ 2011ರವರೆಗೆ ಲ್ಯಾಂಡ್‌ಸ್ಯಾಟ್-5 ಬಳಸಿ. ಅದೂ 2011ರ ನವೆಂಬರ್‌ನಲ್ಲಿ ಚಿತ್ರ ತೆಗೆಯುವುದನ್ನು ನಿಲ್ಲಿಸಿತು. 2012ಕ್ಕೆ ಲ್ಯಾಂಡ್‌ಸ್ಯಾಟ್‌ನಲ್ಲಿ ಉಳಿಯುವುದು ಪಟ್ಟೆ ಬಿದ್ದ ಚಿತ್ರಗಳಷ್ಟೇ. ಆ ವರ್ಷ ಬೇಕೇ ಬೇಕೆಂದರೆ ಇಸ್ರೋದ ರಿಸೋರ್ಸ್‌ಸ್ಯಾಟ್ ಚಿತ್ರಗಳನ್ನು ಅದರ ದೂರಸಂವೇದಿ ಕೇಂದ್ರವಾದ ಎನ್‌ಆರ್‌ಎಸ್‌ಸಿಯ ಭೂನಿಧಿ ಪೋರ್ಟಲ್‌ನಲ್ಲಿ ಹುಡುಕಿ, ಆ ಉಪಗ್ರಹದ ಲಿಸ್-3 ಕ್ಯಾಮೆರಾದ ಪಿಕ್ಸೆಲ್ 23.5 ಮೀಟರ್. ಲ್ಯಾಂಡ್‌ಸ್ಯಾಟ್ ಚಿತ್ರಗಳು ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣೆಯ ಅರ್ಥ್ ಎಕ್ಸ್‌ಪ್ಲೋರರ್ ತಾಣದಲ್ಲಿವೆ.

2016ರಿಂದ ಈಚೆಗೆ ಯುರೋಪಿನ ಸೆಂಟಿನೆಲ್-2 ಬಳಸಿ, ಬೇರೆ ಯೋಚನೆ ಬೇಡ. ಇದರ ಮೊದಲ ಉಪಗ್ರಹ 2015ರ ಜೂನ್‌ನಲ್ಲಿ, ಎರಡನೆಯದು 2017ರ ಮಾರ್ಚ್‌ನಲ್ಲಿ ಹಾರಿತು. ಎರಡು ಉಪಗ್ರಹ ಸೇರಿ ಐದು ದಿನಕ್ಕೊಮ್ಮೆ ಅದೇ ಜಾಗದ ಚಿತ್ರ. ಮುಖ್ಯ ಬಣ್ಣಗಳಲ್ಲಿ ಪಿಕ್ಸೆಲ್ 10 ಮೀಟರ್.

ಇಲ್ಲಿ ಒಂದು ಅನುಕೂಲ ತಾನಾಗಿಯೇ ಒದಗಿ ಬಂದಿದೆ. 10 ಮೀಟರ್ ಪಿಕ್ಸೆಲ್ ಅಂದರೆ 100 ಚದರ ಮೀಟರ್. ನಮ್ಮ ಒಂದು ಗುಂಟೆ 1,089 ಚದರ ಅಡಿ, ಅಂದರೆ ಸುಮಾರು 101 ಚದರ ಮೀಟರ್. ಒಂದು ಪಿಕ್ಸೆಲ್, ಒಂದು ಗುಂಟೆ. 40 ಪಿಕ್ಸೆಲ್, ಒಂದು ಎಕರೆ. ಊರಲ್ಲಿ ಕೂತು ಹಿರಿಯರಿಗೆ ಚಿತ್ರ ತೋರಿಸುವಾಗ ಇದರಷ್ಟು ಉಪಯೋಗಕ್ಕೆ ಬರುವ ಮಾತು ಇನ್ನೊಂದಿಲ್ಲ. ಹೆಕ್ಟೇರ್ ಎಂದರೆ ಮುಖ ನೋಡುತ್ತಾರೆ, "ಈ ಒಂದು ಚೌಕ ಒಂದು ಗುಂಟೆ" ಎಂದರೆ ಎಣಿಸಲು ಶುರು ಮಾಡುತ್ತಾರೆ. ಲ್ಯಾಂಡ್‌ಸ್ಯಾಟ್ ಪಿಕ್ಸೆಲ್ ಸುಮಾರು ಒಂಬತ್ತು ಗುಂಟೆ. ಹಾಗಾಗಿ ಹಳೆಯ ಚಿತ್ರದಲ್ಲಿ ಅರ್ಧ ಎಕರೆಯ ಬದಲಾವಣೆ ಹುಡುಕುವುದು ಬೇಡ, ಅದು ಅದರ ಕೈಲಿ ಆಗುವ ಕೆಲಸವಲ್ಲ.

ಕೂತು ನೋಡುವುದು

ಮೊದಲು ಗೂಗಲ್ ಅರ್ಥ್ ಪ್ರೋದಲ್ಲಿ ನಿಮ್ಮ ಕೆಎಂಎಲ್ ತೆರೆದು, ಮೇಲಿನ ಗಡಿಯಾರದ ಗುರುತು ಒತ್ತಿ. ಹಳೆಯ ಚಿತ್ರಗಳ ಸಾಲು ತೆರೆಯುತ್ತದೆ. ಒಂದೊಂದೇ ಹಿಂದಕ್ಕೆ ಹೋಗುತ್ತಾ ನೋಡಿ, ಏನೂ ಅಳೆಯಬೇಡಿ. ಯಾವ ರಸ್ತೆ ಯಾವಾಗ ಬಂತು, ಡಂಪ್ ಯಾವ ಕಡೆ ಹಬ್ಬಿತು, ಕೆರೆಯ ಬಣ್ಣ ಯಾವಾಗ ಬದಲಾಯಿತು ಎಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ಇಲ್ಲಿನ ಈಚಿನ ಚಿತ್ರಗಳಲ್ಲಿ ಲಾರಿಗಳೂ ಕಾಣುವಷ್ಟು ಸ್ಪಷ್ಟತೆ ಇರುತ್ತದೆ. ಒಂದು ವಿಷಯ ಗಮನಿಸಿ: ಹಳೆಯ ಮಸುಕು ಚಿತ್ರಗಳ ಕೆಳಗೆ ಡಿಸೆಂಬರ್ 31 ಎಂಬ ದಿನಾಂಕ ಇರುತ್ತದೆ. ಅವು ವರ್ಷದ ಹಲವು ಚಿತ್ರ ಸೇರಿಸಿ ಮಾಡಿದ್ದು, ಆ ದಿನ ತೆಗೆದದ್ದಲ್ಲ. ಅವನ್ನು ಸಾಕ್ಷಿಯಾಗಿ ಬಳಸಬೇಡಿ.

ನಂತರ ಸೆಂಟಿನೆಲ್ ಚಿತ್ರಗಳು ಸಿಗುವ ಕೋಪರ್ನಿಕಸ್ ಬ್ರೌಸರ್ ಎಂಬ ಜಾಲತಾಣಕ್ಕೆ ಹೋಗಿ. ಇಮೇಲ್ ಕೊಟ್ಟು ಖಾತೆ ತೆರೆಯಿರಿ, ಉಚಿತ. ಹುಡುಕುವ ಜಾಗದಲ್ಲಿ ಸಂಡೂರು ಎಂದು ಹಾಕಿ, ನಿಮ್ಮ ಕೆಎಂಎಲ್ ಏರಿಸಿ. ಎಡಗಡೆ ಸೆಂಟಿನೆಲ್-2ರ ಎಲ್2ಎ ಆರಿಸಿ, ಅದು ಗಾಳಿಯ ಮಂಜನ್ನು ಸರಿಪಡಿಸಿದ ಚಿತ್ರ. ಮೋಡದ ಪ್ರಮಾಣವನ್ನು 10 ಶೇಕಡಾಕ್ಕೆ ಇಳಿಸಿ, ಕ್ಯಾಲೆಂಡರ್‌ನಲ್ಲಿ ನವೆಂಬರ್ ತೆಗೆಯಿರಿ. ಚಿತ್ರ ಇರುವ ದಿನಗಳಿಗೆ ಗುರುತು ಇರುತ್ತದೆ.

ಮೂರು ರೀತಿಯಲ್ಲಿ ನೋಡಿ. ಟ್ರೂ ಕಲರ್ ಎಂದರೆ ಕಣ್ಣಿಗೆ ಕಾಣುವ ಬಣ್ಣ. ಅದಿರು ಇರುವ ಗುಂಡಿ ಕಪ್ಪು ಮಿಶ್ರಿತ ಕಂದು, ಡಂಪ್ ಅದಕ್ಕಿಂತ ತಿಳಿ ಕೆಂಪು, ಅದಿರು ತೊಳೆದ ನೀರು ನಿಲ್ಲುವ ಹೊಂಡ ಇಟ್ಟಿಗೆ ಬಣ್ಣ. ಫಾಲ್ಸ್ ಕಲರ್‌ನಲ್ಲಿ ಗಿಡಮರ ಕೆಂಪಗೆ ಕಾಣುತ್ತದೆ. ಮೊದಲ ಸಲ ವಿಚಿತ್ರ ಅನಿಸುತ್ತದೆ, ಆದರೆ ಕಾಡಿನ ಅಂಚು ಎಲ್ಲಿ ಕತ್ತರಿಸಿದೆ ಎಂದು ಇದರಲ್ಲೇ ಚೆನ್ನಾಗಿ ತಿಳಿಯುವುದು. ಗಿಡದ ಎಲೆ ಕಣ್ಣಿಗೆ ಕಾಣದ ಸಮೀಪ ಅವಗೆಂಪು ಬೆಳಕನ್ನು ಜೋರಾಗಿ ಹಿಂದಕ್ಕೆ ಕಳಿಸುತ್ತದೆ, ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ಬೋಳು ಮಣ್ಣು ಎರಡನ್ನೂ ಹೆಚ್ಚು ಕಡಿಮೆ ಒಂದೇ ರೀತಿ ಕಳಿಸುತ್ತದೆ. ಮೂರನೆಯದಾದ ಎನ್‌ಡಿವಿಐ ಈ ಗುಣವನ್ನೇ ಅಂಕಿಯಾಗಿ ಮಾಡುತ್ತದೆ. ಅವಗೆಂಪಿನಿಂದ ಕೆಂಪನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸಿದರೆ ಬರುವುದು ಎನ್‌ಡಿವಿಐ. ಸೆಂಟಿನೆಲ್-2ರಲ್ಲಿ ಈ ಎರಡು ಬೆಳಕಿನ ಪಟ್ಟಿಗಳ (ಬ್ಯಾಂಡ್) ಹೆಸರು ಬಿ8 ಮತ್ತು ಬಿ4, ಲ್ಯಾಂಡ್‌ಸ್ಯಾಟ್-8 ಮತ್ತು 9ರಲ್ಲಿ ಬಿ5 ಮತ್ತು ಬಿ4, ಹಳೆಯ ಲ್ಯಾಂಡ್‌ಸ್ಯಾಟ್-5 ಮತ್ತು 7ರಲ್ಲಿ ಬಿ4 ಮತ್ತು ಬಿ3. ಸುಮಾರಾಗಿ ಹೇಳುವುದಾದರೆ ನೀರು ಸೊನ್ನೆಗಿಂತ ಕೆಳಗೆ, ಬೋಳು ನೆಲ 0.2ರ ಒಳಗೆ, ಕುರುಚಲು 0.2ರಿಂದ 0.4, ಒಳ್ಳೆ ಬೆಳೆ ಮತ್ತು ದಟ್ಟ ಕಾಡು 0.5ರ ಮೇಲೆ. ಈ ಅಂಕಿಗಳನ್ನು ಕಣ್ಣು ಮುಚ್ಚಿ ನಂಬಬೇಡಿ. ನಿಮಗೆ ಗೊತ್ತಿರುವ ಒಂದು ಕಾಡು, ಒಂದು ಹೊಲ, ಒಂದು ಡಂಪ್ ಮೇಲೆ ಬೆರಳಿಟ್ಟು ಅಲ್ಲಿ ಎಷ್ಟು ಬರುತ್ತದೆ ನೋಡಿ, ಅದನ್ನೇ ಅಳತೆಗೋಲು ಮಾಡಿಕೊಳ್ಳಿ.

ಗೆರೆ ಎಳೆದು ಅಳೆಯುವುದು

ಈಗಿನ ಕಾಲದಲ್ಲಿ ಕಂಪ್ಯೂಟರೇ ನೆಲವನ್ನು ವಿಂಗಡಿಸಿ ಕೊಡುತ್ತದೆ. ಗೂಗಲ್ ಅರ್ಥ್ ಎಂಜಿನ್‌ನಲ್ಲಿ ಕೆಲವು ಸಾಲು ಕೋಡ್ ಬರೆದರೆ ಇಡೀ ತಾಲೂಕಿನ ನಕ್ಷೆ ನಿಮಿಷಗಳಲ್ಲಿ ಸಿದ್ಧ. ಡೈನಾಮಿಕ್ ವರ್ಲ್ಡ್ ಎಂಬುದರಲ್ಲಿ ಅದೂ ಬೇಡ, 10 ಮೀಟರ್ ಪಿಕ್ಸೆಲ್‌ಗಳನ್ನು ಒಂಬತ್ತು ವರ್ಗಗಳಾಗಿ ಮೊದಲೇ ವಿಂಗಡಿಸಿ ಇಟ್ಟಿದ್ದಾರೆ. ಆದರೆ ಆ ಒಂಬತ್ತರಲ್ಲಿ ಗಣಿ ಎಂಬ ವರ್ಗವೇ ಇಲ್ಲ. ಗುಂಡಿಯೂ ಡಂಪೂ ಖಾಲಿ ನೆಲದ ಲೆಕ್ಕಕ್ಕೋ, ಕಟ್ಟಡದ ಲೆಕ್ಕಕ್ಕೋ ಹೋಗಿ ಸೇರುತ್ತವೆ. ಇಸ್ರೋದ ಭುವನ್ ಪೋರ್ಟಲ್‌ನಲ್ಲಿ 2005-06, 2011-12 ಮತ್ತು 2015-16ರ ನೆಲದ ಬಳಕೆಯ ನಕ್ಷೆಗಳಿವೆ, ಜಿಲ್ಲೆಯ ಮಟ್ಟಕ್ಕೆ ಒಳ್ಳೆಯವು. ಒಂದು ಊರಿನ ಹಳ್ಳಕ್ಕೆ ಅವು ಸಾಲುವುದಿಲ್ಲ.

ಒಂದೆರಡು ಊರಿನ ಕೆಲಸಕ್ಕೆ ಕೈಯಲ್ಲಿ ಗೆರೆ ಎಳೆಯುವುದೇ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನಿಧಾನ ಆಗುತ್ತದೆ ನಿಜ. ಆದರೆ ಪ್ರತಿ ಗೆರೆಗೂ ನೀವು ಉತ್ತರ ಹೇಳಬಲ್ಲಿರಿ. "ಕಂಪ್ಯೂಟರ್ ಹಾಗೆ ಹೇಳಿತು" ಎಂಬ ಮಾತು ಯಾವ ಸಭೆಯಲ್ಲೂ ನಿಲ್ಲುವುದಿಲ್ಲ, ಅಲ್ವಾ?

ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಕೋಪರ್ನಿಕಸ್‌ನಿಂದ ಚಿತ್ರವನ್ನು ಟಿಫ್ ರೂಪದಲ್ಲಿ ಇಳಿಸಿ ಅದರೊಳಗೆ ತೆರೆಯಿರಿ. ಯೋಜನೆಯ ಅಳತೆ ಪದ್ಧತಿಯನ್ನು ಯುಟಿಎಂ ವಲಯ 43 ಉತ್ತರಕ್ಕೆ ಇಡಿ, ಅದರ ಸಂಖ್ಯೆ ಇಪಿಎಸ್‌ಜಿ 32643. ಬಳ್ಳಾರಿ, ಕೊಪ್ಪಳ, ರಾಯಚೂರು ಮೂರಕ್ಕೂ ಇದೇ ವಲಯ. ಇದನ್ನು ಮರೆತರೆ ವಿಸ್ತೀರ್ಣ ಡಿಗ್ರಿಗಳಲ್ಲಿ ಬಂದು ಅರ್ಥವೇ ಆಗುವುದಿಲ್ಲ.

ವರ್ಗಗಳು ಏಳು ಸಾಕು: ಅಗೆಯುತ್ತಿರುವ ಗುಂಡಿ, ಡಂಪ್, ಗಿಡ ಬೆಳೆದ ಡಂಪ್, ರಸ್ತೆ ಮತ್ತು ಯಾರ್ಡ್, ನೀರು ಮತ್ತು ಹೂಳಿನ ಹೊಂಡ, ಕಾಡು ಮತ್ತು ಕುರುಚಲು, ಹೊಲ. ಹಳೆಯ ವರ್ಷದಿಂದ ಶುರು ಮಾಡಿ. 2000ದ ಗೆರೆಗಳನ್ನು ನಕಲು ಮಾಡಿಕೊಂಡು 2005ರ ಚಿತ್ರದ ಮೇಲೆ ಇಟ್ಟು, ಬದಲಾದ ಕಡೆ ಮಾತ್ರ ತಿದ್ದಿ. ಪ್ರತಿ ವರ್ಷವೂ ಹೊಸದಾಗಿ ಎಳೆದರೆ ಕೈ ನಡುಕವೇ ಬದಲಾವಣೆಯಾಗಿ ಲೆಕ್ಕಕ್ಕೆ ಬರುತ್ತದೆ. ಕೊನೆಗೆ ವರ್ಗವಾರು ವಿಸ್ತೀರ್ಣ ತೆಗೆಯಿರಿ. ಒಂದು ಡಂಪ್ 1,200 ಸೆಂಟಿನೆಲ್ ಪಿಕ್ಸೆಲ್ ಇದೆ ಅಂದುಕೊಳ್ಳಿ, ಅದು 12 ಹೆಕ್ಟೇರ್, ಹತ್ತಿರ ಹತ್ತಿರ 30 ಎಕರೆ.

ಒಟ್ಟು ಎಷ್ಟು ಹೆಚ್ಚಾಯಿತು ಎಂಬುದಕ್ಕಿಂತ, ಯಾವುದು ಯಾವುದಾಯಿತು ಎಂಬುದು ಮುಖ್ಯ. ಕಾಡು ಡಂಪ್ ಆಯಿತೋ, ಹೊಲ ರಸ್ತೆ ಆಯಿತೋ, ಗುಂಡಿ ಮತ್ತೆ ಹಸಿರಾಯಿತೋ? ಹಳೆಯ ಪದರ ಮತ್ತು ಹೊಸ ಪದರವನ್ನು ಕ್ಯೂಜಿಐಎಸ್‌ನ ಇಂಟರ್‌ಸೆಕ್ಷನ್ ಸಾಧನದಲ್ಲಿ ಹಾಕಿದರೆ ಈ ಪಟ್ಟಿ ಸಿಗುತ್ತದೆ.

ಅಂಚಿನ ಬಗ್ಗೆ ಒಂದು ಮಾತು. ಉಪಗ್ರಹ ಚಿತ್ರ ಒಂದು ಪಿಕ್ಸೆಲ್‌ನಷ್ಟು ಆಚೀಚೆ ಕೂರಬಹುದು. ಗುತ್ತಿಗೆ ಗಡಿಯಿಂದ ಒಂದು ಪಿಕ್ಸೆಲ್ ಹೊರಗೆ ಅಗೆತ ಕಂಡರೆ ಸುಮ್ನೆ ಒತ್ತುವರಿ ಎಂದು ಹೇಳಬೇಡಿ. ಮೂರು ನಾಲ್ಕು ಪಿಕ್ಸೆಲ್ ದಾಟಿದ್ದು, ಎರಡು ಮೂರು ಬೇರೆ ದಿನಾಂಕಗಳಲ್ಲೂ ಹಾಗೇ ಕಂಡರೆ ಆಗ ಕೇಳಿ. ಭಾರತೀಯ ಗಣಿ ಬ್ಯೂರೋ 2016ರಲ್ಲಿ ಶುರು ಮಾಡಿದ ಉಪಗ್ರಹ ಕಣ್ಗಾವಲು ವ್ಯವಸ್ಥೆಯೂ ಗುತ್ತಿಗೆ ಗಡಿಯ ಸುತ್ತ 500 ಮೀಟರ್ ಪಟ್ಟಿಯನ್ನು ನೋಡುತ್ತದೆ. ನೀವೂ ಅದೇ ಅಗಲದ ಪಟ್ಟಿ ಹಾಕಿಕೊಂಡರೆ ನಿಮ್ಮ ಮಾತನ್ನು ಅವರ ಮಾತಿನ ಜೊತೆ ಇಟ್ಟು ನೋಡಬಹುದು.

ಮೋಸ ಹೋಗುವ ಜಾಗಗಳು

ನಮ್ಮ ನೆಲ ಕಂಪ್ಯೂಟರಿಗೂ ಹೊಸಬರ ಕಣ್ಣಿಗೂ ಬಹಳ ಮೋಸ ಮಾಡುತ್ತದೆ.

ಉಳುಮೆ ಮಾಡಿ ಬಿಟ್ಟ ಮಸಾರಿ ಹೊಲ ಮೇ ತಿಂಗಳಲ್ಲಿ ಹೊಸ ಡಂಪ್ ಹಾಗೆಯೇ ಕೆಂಪಗೆ ಹೊಳೆಯುತ್ತದೆ. ಆಕಾರ ನೋಡಿ: ಹೊಲಕ್ಕೆ ಬದು ಇರುತ್ತದೆ, ನೇರ ಅಂಚು ಇರುತ್ತದೆ. ಡಂಪ್ ಇಳಿಜಾರಿನಲ್ಲಿ ಬೀಸಣಿಗೆಯಂತೆ ಹರಡುತ್ತದೆ. ಅದೇ ಹೊಲ ನವೆಂಬರ್‌ನಲ್ಲಿ ಹಸಿರಾಗಿದ್ದರೆ ಅನುಮಾನ ಮುಗಿಯಿತು. ಎರೆ ಹೊಲ ಬೇಸಿಗೆಯಲ್ಲಿ ಕಪ್ಪಗೆ ಕಂಡು ಅದಿರಿನ ಯಾರ್ಡ್ ಎನಿಸಬಹುದು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಗುಡ್ಡಕ್ಕೆ ಬೆಂಕಿ ಬಿದ್ದರೆ ಕಪ್ಪು ಮಚ್ಚೆ ಆಗುತ್ತದೆ, ಮುಂದಿನ ಮಳೆಗೆ ಅದು ಹೋಗುತ್ತದೆ. ಮುಂದಿನ ನವೆಂಬರ್ ಚಿತ್ರ ನೋಡದೆ ಕಾಡು ನಾಶ ಎಂದು ಬರೆಯಬೇಡಿ.

ಹಸಿರಿನ ಮೋಸ ಇನ್ನೂ ದೊಡ್ಡದು. ಹಸಿರು ಕಂಡ ಕೂಡಲೇ ಕಾಡು ಮರಳಿತು ಎನ್ನುವಂತಿಲ್ಲ. ಬಳ್ಳಾರಿ ಜಾಲಿ ನಮ್ಮ ಕಡೆ ಎಲ್ಲಿ ಬೇಕಾದರೂ ಬೆಳೆಯುತ್ತದೆ, ಬೇಸಿಗೆಯಲ್ಲೂ ಹಸಿರಾಗಿರುತ್ತದೆ, ಮಾರ್ಚ್ ಚಿತ್ರದಲ್ಲೂ ಎನ್‌ಡಿವಿಐ ಚೆನ್ನಾಗಿ ತೋರಿಸುತ್ತದೆ. ಮೊದಲು ಅಲ್ಲಿದ್ದ ಕಾಡಿನ ಮರಗಳು, ದನಕರು ಮೇಯುವ ಹುಲ್ಲು ಬಂದಿವೆಯೇ ಎಂದು ಉಪಗ್ರಹ ಹೇಳಲಾರದು. ನಡೆದು ಹೋಗಿ ನೋಡಬೇಕು, ಬೇರೆ ದಾರಿಯಿಲ್ಲ. ಮಂಜೂರಾದ ಯೋಜನೆ ಪ್ರಕಾರ ಪುನಶ್ಚೇತನ ಆಗಿದೆಯೇ ಎಂಬ ಪ್ರಶ್ನೆಗೆ ಬರೀ ಎನ್‌ಡಿವಿಐ ನಕ್ಷೆಯನ್ನು ಉತ್ತರವಾಗಿ ಯಾರು ಕೊಟ್ಟರೂ ಒಪ್ಪಬಾರದು ಎಂದು ನಾನು ಹೇಳುವುದು ಇದಕ್ಕೇ.

ಕೆಂಪು ನೀರಿನ ಹೊಂಡಗಳನ್ನು, ನೀರು ಗುರುತಿಸಲು ಬಳಸುವ ಸಾಮಾನ್ಯ ಎನ್‌ಡಬ್ಲ್ಯೂಡಿಐ ಸೂಚ್ಯಂಕ ಬಿಟ್ಟುಬಿಡುತ್ತದೆ, ಹೂಳು ಜಾಸ್ತಿ ಇದ್ದಾಗ ನೀರು ಮಣ್ಣಿನ ಹಾಗೆ ಕಾಣುತ್ತದೆ. ಹಸಿರು ಬೆಳಕಿನ ಜೊತೆ ಸೆಂಟಿನೆಲ್-2ರ ಬಿ11 ಪಟ್ಟಿಯನ್ನು ಬಳಸುವ ಎಂಎನ್‌ಡಬ್ಲ್ಯೂಡಿಐ ಇದಕ್ಕೆ ವಾಸಿ. ಬಿ11ರ ಪಿಕ್ಸೆಲ್ 20 ಮೀಟರ್ ಎಂಬುದು ನೆನಪಿರಲಿ. ಲಾರಿ ರಸ್ತೆಯ ಪಕ್ಕದ ಹೊಲಗಳಲ್ಲಿ ಎಲೆ ಮೇಲೆ ಧೂಳು ಕೂತರೂ ಎನ್‌ಡಿವಿಐ ಇಳಿಯುತ್ತದೆ. ರಸ್ತೆಯಿಂದ ದೂರದ, ಅದೇ ಬೆಳೆಯ ಹೊಲಕ್ಕೆ ಹೋಲಿಸಿದರೆ ಒಂದು ಸುಳಿವು ಸಿಗುತ್ತದೆ. ಅದು ಸುಳಿವು ಮಾತ್ರ. ಧೂಳನ್ನು ಅಳೆಯಲು ನೆಲದ ಮೇಲಿನ ಯಂತ್ರವೇ ಬೇಕು.

ಗುಡ್ಡ ಎಷ್ಟು ತಗ್ಗಿತು?

ವಿಸ್ತೀರ್ಣದ ಜೊತೆ ಎತ್ತರವನ್ನೂ ನೋಡಬಹುದು. ನಾಸಾದ ಎಸ್‌ಆರ್‌ಟಿಎಂ ಯೋಜನೆ 2000ದ ಫೆಬ್ರವರಿಯಲ್ಲಿ ಭೂಮಿಯ ಎತ್ತರ ಅಳೆಯಿತು. ಕೋಪರ್ನಿಕಸ್ ಡಿಇಎಂ ಎಂಬ ಇನ್ನೊಂದು ಎತ್ತರದ ನಕ್ಷೆ ಇದೆ, ಅದರ ಅಳತೆಗಳು 2010ರ ಕೊನೆಯಿಂದ 2015ರ ಆರಂಭದವರೆಗಿನವು. ಎರಡೂ 30 ಮೀಟರ್ ಪಿಕ್ಸೆಲ್, ಎರಡೂ ಉಚಿತ. ನಮ್ಮ ಗಣಿ ಭರಾಟೆಯ ಮೊದಲು ಒಂದು, ನಂತರ ಒಂದು. ಕ್ಯೂಜಿಐಎಸ್‌ನ ರಾಸ್ಟರ್ ಕ್ಯಾಲ್ಕುಲೇಟರ್‌ನಲ್ಲಿ ಹೊಸದರಿಂದ ಹಳೆಯದನ್ನು ಕಳೆದರೆ ನೆತ್ತಿ ಕತ್ತರಿಸಿದ ಕಡೆ ಋಣ ಸಂಖ್ಯೆ, ಡಂಪ್ ಏರಿದ ಕಡೆ ಧನ ಸಂಖ್ಯೆ ಬರುತ್ತದೆ. ಗುಡ್ಡದ ಜಾಗದಲ್ಲಿ ಎರಡರಲ್ಲೂ ಹಲವು ಮೀಟರ್ ದೋಷ ಇರುತ್ತದೆ. ಹಾಗಾಗಿ 20 ಮೀಟರ್‌ಗಿಂತ ಕಡಿಮೆ ವ್ಯತ್ಯಾಸವನ್ನು ಕೈಬಿಡಿ. ಟನ್ ಲೆಕ್ಕ ಹಾಕಲು ಹೋಗಬೇಡಿ, ಅದಕ್ಕೆ ಈ ನಕ್ಷೆ ಸಾಲದು.

ಜಾಗಕ್ಕೆ ಹೋಗಿ

ಅಳತೆ ಮುಗಿದ ಮೇಲೆ ಗಡಿಯೊಳಗೆ ಕಂಪ್ಯೂಟರಿನಿಂದ ಗೊತ್ತುಗುರಿಯಿಲ್ಲದೆ 50 ಬಿಂದು ಹಾಕಿಸಿ. ಪ್ರತಿ ಬಿಂದುವಿನಲ್ಲಿ ನಿಮ್ಮ ನಕ್ಷೆ ಹೇಳುವುದೇನು, ನಿಜಕ್ಕೂ ಇರುವುದೇನು ಎಂದು ಎರಡು ಕಾಲಂ ಮಾಡಿ. ಹೋಗಲು ಆಗುವ ಕಡೆ ಹೋಗಿ, ಉಳಿದದ್ದನ್ನು ಗೂಗಲ್ ಅರ್ಥ್‌ನ ಸ್ಪಷ್ಟ ಚಿತ್ರದಲ್ಲಿ ನೋಡಿ. ನಕ್ಷೆಯನ್ನು ನೀವು ಮಾಡಿದ್ದರೆ ಈ ಪರೀಕ್ಷೆಯನ್ನು ಇನ್ನೊಬ್ಬರ ಕೈಲಿ ಮಾಡಿಸಿ. 50ರಲ್ಲಿ 45 ಸರಿ ಬಂದರೆ 90 ಶೇಕಡಾ. 42ಕ್ಕಿಂತ ಕೆಳಗೆ ಬಂದರೆ ಎಲ್ಲಿ ತಪ್ಪಿದೆ ಹುಡುಕಿ ತಿದ್ದಿ. ತಪ್ಪಿನ ಪ್ರಮಾಣವನ್ನು ವರದಿಯಲ್ಲಿ ಬರೆಯಿರಿ, ಮುಚ್ಚಿಡಬೇಡಿ.

ಗುತ್ತಿಗೆ ಜಾಗದೊಳಗೆ ಕಾಲಿಡಬೇಡಿ. ಬ್ಲಾಸ್ಟಿಂಗ್ ನಡೆಯುತ್ತದೆ, ಟಿಪ್ಪರ್‌ಗಳು ಓಡಾಡುತ್ತವೆ, ಡಂಪ್ ಅಂಚು ಕುಸಿಯುತ್ತದೆ. ಕಾಯ್ದಿಟ್ಟ ಅರಣ್ಯಕ್ಕೆ ಹೋಗಬೇಕಾದರೆ ವಲಯ ಅರಣ್ಯಾಧಿಕಾರಿಯ ಅನುಮತಿ ಪಡೆಯಿರಿ. ಊರ ರಸ್ತೆ, ಹಳ್ಳದ ದಂಡೆ, ಕೆರೆ ಏರಿ, ನಿಮ್ಮ ಹೊಲ, ಇಷ್ಟರಿಂದಲೇ ಬಹಳಷ್ಟು ಕಾಣುತ್ತದೆ. ಮೊಬೈಲ್ ಕ್ಯಾಮೆರಾದಲ್ಲಿ ಸ್ಥಳದ ಗುರುತು ಆನ್ ಮಾಡಿ ಫೋಟೋ ತೆಗೆಯಿರಿ.

ಕುರಿ ಕಾಯುವವರನ್ನು ತಪ್ಪದೆ ಮಾತಾಡಿಸಿ. ಯಾವ ದಾರಿ ಯಾವ ವರ್ಷ ಮುಚ್ಚಿತು, ಯಾವ ಒರತೆ ಬತ್ತಿತು ಎಂಬುದು ಅವರಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ. ಅವರು ಹೇಳಿದ ವರ್ಷದ ಹಿಂದುಮುಂದಿನ ಎರಡು ಚಿತ್ರ ತೆಗೆದು ನೋಡಿ. ಎರಡೂ ಸೇರಿದಾಗ ಬರುವ ಬಲ ಒಂದರಿಂದ ಬರುವುದಿಲ್ಲ. ಹೆಸರು ಹಾಕಲು ಅವರು ಒಪ್ಪದಿದ್ದರೆ ಹಾಕಬೇಡಿ.

ಕಾಗದಕ್ಕೆ ಇಳಿಸುವುದು

ವರದಿ ನಾಲ್ಕು ಪುಟ ಸಾಕು. ಮೊದಲ ಪುಟದಲ್ಲಿ ಎರಡು ಚಿತ್ರ ಪಕ್ಕಪಕ್ಕ, ಒಂದೇ ಅಳತೆ, ಒಂದೇ ತಿಂಗಳು. ಪ್ರತಿ ಚಿತ್ರದ ಕೆಳಗೆ ಉಪಗ್ರಹದ ಹೆಸರು, ತೆಗೆದ ದಿನಾಂಕ, ಪಿಕ್ಸೆಲ್ ಅಳತೆ. ಎರಡನೇ ಪುಟದಲ್ಲಿ ಯಾವುದು ಯಾವುದಾಯಿತು ಎಂಬ ಪಟ್ಟಿ, ಎಕರೆ ಮತ್ತು ಗುಂಟೆಯಲ್ಲಿ, ಸರ್ವೆ ನಂಬರ್ ಸಮೇತ. ಮೂರನೆಯದರಲ್ಲಿ ಫೋಟೋಗಳು. ಕೊನೆಯಲ್ಲಿ ಅಳತೆ ಮಾಡಿದ ವಿಧಾನ ಮತ್ತು ದೋಷದ ಪ್ರಮಾಣ. ಕೆಎಂಎಲ್ ಮತ್ತು ಟಿಫ್ ಕಡತಗಳನ್ನು ಪೆನ್‌ಡ್ರೈವ್‌ನಲ್ಲಿ ಜೊತೆಗೆ ಕೊಡಿ, ಬೇಕಾದವರು ತಾವೇ ಪರೀಕ್ಷಿಸಲಿ. "ಅಕ್ರಮ" ಎಂಬ ಪದ ಬಳಸಬೇಡಿ. ಅಕ್ರಮವೋ ಸಕ್ರಮವೋ ಎಂದು ಹೇಳುವುದು ಚಿತ್ರದ ಕೆಲಸವಲ್ಲ. "ಈ ಸರ್ವೆ ನಂಬರಿನಲ್ಲಿ ಈ ದಿನಾಂಕಕ್ಕೆ ಇಷ್ಟು ಗುಂಟೆ ಡಂಪ್ ಇದೆ, ಇದಕ್ಕೆ ಅನುಮತಿ ಇದೆಯೇ?" ಎಂದು ಕೇಳಿ.

ಕೊಡುವುದು ಯಾರಿಗೆ ಎಂಬುದು ಪ್ರಶ್ನೆಯ ಮೇಲೆ ಹೋಗುತ್ತದೆ. ಗುತ್ತಿಗೆ ಗಡಿಯದ್ದಾದರೆ ಗಣಿ ಮತ್ತು ಭೂವಿಜ್ಞಾನ ಇಲಾಖೆ, ಕಾಡಿನದಾದರೆ ಅರಣ್ಯ ಇಲಾಖೆ, ಹಳ್ಳ ಕೆರೆಯ ನೀರಿನದಾದರೆ ಮಾಲಿನ್ಯ ನಿಯಂತ್ರಣ ಮಂಡಳಿ. ಕೆರೆ ಹೂಳು, ಚೆಕ್ ಡ್ಯಾಂ ಕೆಲಸ ಬೇಕೆಂದರೆ ಗ್ರಾಮಸಭೆಯಲ್ಲಿ ಠರಾವು ಮಾಡಿಸಿ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕಳಿಸಿ. ಗಣಿ ಬಾಧಿತ ಊರುಗಳಿಗಾಗಿಯೇ 2015ರ ಕಾನೂನು ತಿದ್ದುಪಡಿಯಿಂದ ಬಂದ ನಿಧಿ ಅದು. ಗಣಿ ಪ್ರದೇಶದ ಪರಿಸರ ಸರಿಪಡಿಸಲೆಂದೇ 2014ರಲ್ಲಿ ಮಾಡಿದ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮಕ್ಕೂ ಒಂದು ಪ್ರತಿ ಹೋಗಲಿ.

ರಾಯಚೂರು, ಕೊಪ್ಪಳದವರಿಗೂ ಇದೇ ದಾರಿ. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಬೂದಿ ಹೊಂಡ, ಹಟ್ಟಿ ಚಿನ್ನದ ಗಣಿಯ ತ್ಯಾಜ್ಯ ದಿಬ್ಬ, ಗಿಣಿಗೇರಾ ಸುತ್ತಲಿನ ಕಾರ್ಖಾನೆಗಳು, ಎಲ್ಲವೂ 10 ಮೀಟರ್ ಚಿತ್ರದಲ್ಲಿ ಚೆನ್ನಾಗಿ ಕಾಣುತ್ತವೆ. ಬೂದಿ ಹೊಂಡ ಬಿಳಿ ಬೂದು ಬಣ್ಣದ್ದು, ವರ್ಗಗಳ ಪಟ್ಟಿಯಲ್ಲಿ ಅದಕ್ಕೊಂದು ಸಾಲು ಸೇರಿಸಿಕೊಳ್ಳಿ.

ಇನ್ನೂ ಅಗೆಯದ ಗುಡ್ಡ ನಿಮ್ಮ ಪಕ್ಕದಲ್ಲಿದ್ದರೆ ಅದರ ಇವತ್ತಿನ ನಕ್ಷೆಯನ್ನು ಈಗಲೇ ಮಾಡಿಡಿ. ಸಂಡೂರಿನ ದೇವದಾರಿಯಂಥ ಗುಡ್ಡಗಳಲ್ಲಿ ಗಣಿ ಮಾಡುವ ಬಗ್ಗೆ ಚರ್ಚೆ ನಡೆಯುತ್ತಿರುವಾಗ, ಈಗ ಅಲ್ಲಿ ಎಷ್ಟು ಎಕರೆ ಕಾಡು, ಎಷ್ಟು ಹುಲ್ಲು, ಎಷ್ಟು ಒರತೆ ಇದೆ ಎಂಬ ಲೆಕ್ಕ ಊರಿನ ಕೈಯಲ್ಲಿ ಇರಬೇಕು. ಮರ ಬಿದ್ದ ಮೇಲೆ ಹಳೆಯ ಚಿತ್ರ ಸಿಗುತ್ತದೆ, ಆದರೆ ನಡೆದು ನೋಡಿ ಬರೆದ ಲೆಕ್ಕ ಸಿಗುವುದಿಲ್ಲ.

ಕಡತಗಳಿಗೆ ಹೆಸರಿಡುವಾಗ ಊರು, ವರ್ಷ, ತಿಂಗಳು, ಉಪಗ್ರಹ ಈ ಕ್ರಮದಲ್ಲಿ ಇಡಿ, ಇಬ್ಬರ ಬಳಿ ಪ್ರತಿ ಇರಲಿ. ಪರಿಸರ ಅನುಮತಿ ಪಡೆದ ಗಣಿಗಳು ಷರತ್ತು ಪಾಲಿಸಿದ ಬಗ್ಗೆ ವರ್ಷಕ್ಕೆ ಎರಡು ಸಲ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ವರದಿ ಕೊಡಬೇಕು. ಅವು ಸಾರ್ವಜನಿಕ ದಾಖಲೆಗಳು. ಜೂನ್ ವರದಿಯಲ್ಲಿ ಎಷ್ಟು ಹೆಕ್ಟೇರ್ ಗಿಡ ನೆಟ್ಟಿದ್ದಾರೆ ಎಂದು ಬರೆದಿದ್ದಾರೆ ನೋಡಿ, ನಿಮ್ಮ ಮಾರ್ಚ್ ಚಿತ್ರವನ್ನು ಅದರ ಪಕ್ಕ ಇಡಿ. ಡಿಸೆಂಬರ್ ವರದಿಗೆ ನವೆಂಬರ್ ಚಿತ್ರ.